ಬಿಟ್ಟ ಜಾಗ

ದುರ್ಗಿಗುಡಿಯಲ್ಲಿ, ಸೈಕಲ್ ಶಾಪಿನ ಮೇಲೆ ನನ್ನ ಕೋಣೆ.
ಹುಂಚದ ಬಸ್ಸಿಳಿದು ಬಂದರು ಪದ್ಮಲಮ್ಮ,
ರಿಪ್ಪನ್‌ಪೇಟೆ ಅಂಚೆ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಮೊಹರು ಹೊಡೆದ ಕೈ.
ಟವೆಲ್ಲು ಬಿಚ್ಚಿದರೆ ಅಂಗೈಯಗಲ ಹಿತ್ತಾಳೆ ತಗಡು,
ನಡುವೆ, ನಿಂತ ಮನುಷ್ಯನ ಆಕಾರಕ್ಕೆ
ಕತ್ತರಿಸಿ ತೆಗೆದ ಬಯಲು.
"ಸಿದ್ಧರು. ಇವರನ್ನು ಎಣ್ಣೆ ಬಣ್ಣದಲ್ಲಿ ಬರೀಬೇಕು ಮೇಷ್ಟ್ರೇ,
ಬಾಗಿಲಷ್ಟು ಎತ್ತರ."

ಕಿಟಕಿಗೆ ಹಿಡಿದು ನೋಡಿದೆ.
ಸಿದ್ಧರ ಎದೆಯಲ್ಲಿ ಆಟೋ ಒಂದು ಹಾದುಹೋಯಿತು,
ಆಮೇಲೆ ಬಾಳೆಹಣ್ಣಿನ ಗಾಡಿ,
ಆಮೇಲೆ ಏನೂ ಇಲ್ಲ, ಬಿಸಿಲು.

ಚಿನ್ನದಂಗಡಿಗೆ ಲಕ್ಷ್ಮಿ, ಫೋಟೋ ನೋಡಿಕೊಂಡು ಸತ್ತವರ ಮುಖ,
ಇದ್ದದ್ದನ್ನೇ ಬರೆದು ರೂಢಿ ನನಗೆ.
ಇಲ್ಲದ್ದಕ್ಕೆ ಯಾವ ಬಣ್ಣ ಕಲೆಸಲಿ?

ಟ್ಯೂಬುಗಳನ್ನು ಒಂದೊಂದೇ ಎತ್ತಿ ನೋಡಿದರು
ಪಾರ್ಸೆಲ್ ತೂಗುವ ಹಾಗೆ.
"ಈ ಕಪ್ಪು ಯಾವುದರದ್ದು?"
ಮೂಳೆ ಸುಟ್ಟದ್ದು, ಅಂದೆ.
"ಈ ಕುಂಚ?" ಹಂದಿಯ ಕೂದಲು.
"ಬಟ್ಟೆಗೆ ಬಳಿಯೋ ಅಂಟು?"
ಹೇಳಲಿಲ್ಲ. ಗೊತ್ತಾಯಿತು ಅವರಿಗೆ.
ಮುಚ್ಚಳ ತಿರುಗಿಸಿ ಟ್ಯೂಬು ಇದ್ದಲ್ಲೇ ಇಟ್ಟರು.
ಬೈಯಲಿಲ್ಲ. ಅದೇ ಕಷ್ಟವಾದದ್ದು.

ಎರಡು ತಿಂಗಳು ಕಳೆದು ಬಂತು ಒಂದು ಡಬ್ಬಿ:
ದೇವರ ಮನೆಯ ದೀಪಕ್ಕೆ ಬೋಗುಣಿ ಕವುಚಿ
ಚಿಟಿಕೆ ಚಿಟಿಕೆಯಾಗಿ ಕೂಡಿಸಿದ ಕಾಡಿಗೆ.
ದೀಪದ ಕಪ್ಪು ಹಗುರ, ಅಗಸೆ ಎಣ್ಣೆಯ ಮೇಲೆ ತೇಲುತ್ತದೆ,
ಒಗ್ಗಲು ಒಪ್ಪುವುದಿಲ್ಲ.
ಅರೆದೆ, ಕಲ್ಲಿನ ಮೇಲೆ, ಮಣಿಕಟ್ಟು ನೋಯುವವರೆಗೆ.
ಅಂಟಿನ ಬದಲು ಅಕ್ಕಿಗಂಜಿ. ನೈಲಾನ್ ಕುಂಚ.

ಕೆಳಗೆ ತೆಳು, ಮೇಲೆ ಜಿಡ್ಡು:
ನನಗೆ ಕಲಿಸಿದವರ ನಿಯಮ ಇಷ್ಟೇ.
ಮೊದಲ ಪದರಕ್ಕೆ ಟರ್ಪೆಂಟೈನು, ಕೊನೆಯದಕ್ಕೆ ಎಣ್ಣೆ,
ತಿರುವುಮುರುವಾದರೆ ಮೇಲಿನದು ಬಿರಿಯುತ್ತದೆ,
ಅವಸರದಲ್ಲಿ ಹಿಡಿದ ವ್ರತದ ಹಾಗೆ.
"ಕರ್ಮ ಅಂಟೋದೂ ಹೀಗೇ," ಅಂದರು ಪದ್ಮಲಮ್ಮ,
"ಎಣ್ಣೆ ಹಚ್ಚಿದ ಮೈಗೆ ಧೂಳು.
ನೀವು ಅಂಟಿಸ್ತಾ ಹೋಗಿ. ಅವರೊಬ್ಬರನ್ನ ಬಿಟ್ಟು."

ಸುತ್ತ ಬರೆದೆ.
ಹುಂಚದ ಗುಡ್ಡದ ಜಂಬಿಟ್ಟಿಗೆ ಕೆಂಪು,
ಲಕ್ಕಿ ಎಲೆಯ ಬೆನ್ನಿನ ಬೂದು,
ಕೆರೆಯ ತಳದಲ್ಲಿ ಮಾತ್ರ ಇರುವ ಒಂದು ಹಸಿರು.
ಎಲ್ಲದರ ಮೇಲೆ ಅವರ ದೀಪದ ಕಪ್ಪು,
ಗಾಜಿನಷ್ಟು ತೆಳ್ಳಗೆ, ಏಳು ಸಲ,
ಕೆಂಪು ಅದರೊಳಗೆ ಉಸಿರಾಡುವಷ್ಟು.
ನಡುವೆ ಬರಿ ಬಟ್ಟೆ.

ಗಂಜಿ ತೆಳುವಾದಲ್ಲಿ ಎಣ್ಣೆ ಒಸರಿತು.
ಬಿಟ್ಟ ಜಾಗದ ಅಂಚಿಗುಂಟ, ಬೆರಳಗಲ, ಹಳದಿ ಜಿಡ್ಡು.
ಕೆಟ್ಟ ಕೆಲಸ. ಹುಡುಗರು ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.
ಪದ್ಮಲಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತರು.
"ಪ್ರಭಾವಳಿ ಬರೀರಿ ಅಂತ ನಾನು ಹೇಳೇ ಇರಲಿಲ್ಲ."
ನಾನು ಬರೆದದ್ದಲ್ಲ ಅನ್ನಲು ಬಾಯಿ ಬರಲಿಲ್ಲ.

ಹೇಳಿದ್ದು ಬೇರೆ:
ಕತ್ತಲಾದ ಮೇಲೆ ಲೈಟು ಹಾಕಿ ಬರೀಬೇಡಿ, ಹುಳ ಬರ್ತಾವೆ.
ಬರೆದಿದ್ದೆ. ಒಂದೇ ರಾತ್ರಿ.
ಕೈಗೆ ಆಗಷ್ಟೇ ಹದ ಸಿಕ್ಕಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ.
ಬೆಳಿಗ್ಗೆ ಎಡಭುಜದ ಅಂಚಿನಲ್ಲಿ ಒಂದು ನುಸಿ,
ಸಾಸಿವೆಯ ಅರ್ಧ.
ಒಂದು ರೆಕ್ಕೆ ಕಪ್ಪಿನಲ್ಲಿ,
ಇನ್ನೊಂದು ಬರಿ ಬಟ್ಟೆಯ ಮೇಲೆ.
ಚಿಮಟ ಹಿಡಿದು ಕೂತೆ. ಎಳೆದರೆ
ಬಿಟ್ಟ ಜಾಗಕ್ಕೆ ಬಣ್ಣ ಹತ್ತುತ್ತದೆ.

ತೋರಿಸಿದೆ.
ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.
"ಎಷ್ಟೊತ್ತಿಗೆ?"
ಹತ್ತೂವರೆ ಇರಬೇಕು.
ಚೀಲದಿಂದ ಡೈರಿ ತೆಗೆದು ಬರೆದುಕೊಂಡರು,
ಅಂಚೆಯ ದುಂಡು ಅಕ್ಷರದಲ್ಲಿ:
ತಾರೀಕು, ಹತ್ತೂವರೆ, ಒಂದು.
ಯಾರ ಹೆಸರಿಗೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಹಣ ಎಣಿಸಿ ಕೊಟ್ಟು ಮೆಟ್ಟಿಲಿಳಿಯುವಾಗ ತಿರುಗಿದರು.
"ರುಜು ಹಾಕಿಲ್ಲವಲ್ಲ ಮೇಷ್ಟ್ರೇ?"
ಬಿದ್ದಾಗಿದೆ, ಅಂದೆ.

ದೀಪದ ಕಪ್ಪು ಒಣಗುವುದು ನಿಧಾನ.
ಈಗೀಗ ಸಂಜೆ ಆರಕ್ಕೇ ಕಿಟಕಿ ಮುಚ್ಚುತ್ತೇನೆ.